ಎರಡು ಅಂಕ ಕಡಿಮೆ

ಇಲೊಯಿಲೊ ನಗರದ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಘಟನೆಯೊಂದು ಮಂಗಳವಾರ ಬೆಳಗ್ಗೆ ಹತ್ತಕ್ಕೆ ನಡೆಯಿತು: ಲುಜ್ವಿಮಿಂಡಾ ತುಪಾಸ್ ಮಾತಾಡಿದ ಒಂದು ಫೋನ್ ಕರೆಗೆ ನೂರಕ್ಕೆ ತೊಂಬತ್ತೆಂಟು ಅಂಕ ಬಿತ್ತು.

ಆಸ್ಟ್ರೇಲಿಯಾದವರ ವಾಷಿಂಗ್ ಮೆಷಿನ್ ಕೆಟ್ಟರೆ ನಮ್ಮೂರ ಕಾಲ್ ಸೆಂಟರಿನ ನಾಲ್ಕನೇ ಮಹಡಿಯಲ್ಲಿ ಫೋನ್ ಹೊಡೆದುಕೊಳ್ಳುತ್ತದೆ. ಎತ್ತುವವಳು ಈ ಲುಜ್ವಿಮಿಂಡಾ, ಎಲ್ಲರ ಬಾಯಲ್ಲಿ ಮಿಂಡಾ. ಆ ದೇಶದ ರಾಜನ ಹುಟ್ಟುಹಬ್ಬಕ್ಕೆ ಅವಳಿಗೆ ರಜೆ. ಸ್ವಂತ ಊರಿನ ಹಬ್ಬಕ್ಕಿಲ್ಲ. ಎಸಿಯ ಚಳಿಗೆ ವರ್ಷವಿಡೀ ಸ್ವೆಟರ್. ಆದರೆ ಅಮ್ಮನ ಕಣ್ಣಿನ ಆಪರೇಷನ್ ಆದದ್ದು ಕಂಪನಿಯ ವಿಮೆಯಲ್ಲೇ. "ಫೋನ್ ಎತ್ತೋದೂ ಒಂದು ಕೆಲಸಾನಾ?" ಎಂದ ಸೋದರತ್ತೆಗೆ, "ಒಂದು ಗಂಟೆ ಬೈಸ್ಕೊಂಡು ನಗ್ತಾ ಇರಿ, ನೋಡೋಣ" ಎಂದಿದ್ದಳು. ಈ ತಿಂಗಳೂ ನೂರು ಬಂದರೆ ಹೊಸಬರಿಗೆ ತರಬೇತಿ ಕೊಡುವ ಹುದ್ದೆ ಅವಳದಾಗುತ್ತಿತ್ತು.

ಅಂಕ ಕಡಿದವನು ರೊಡೆಲ್. ಕರೆಗಳ ರೆಕಾರ್ಡಿಂಗ್ ಕೇಳಿ ಅಂಕ ಹಾಕುವುದೇ ಅವನ ಉದ್ಯೋಗ.

"ಏನ್ ಸರ್ ಇದು?"

"ಸರ್ ಅಂತ ಯಾವಾಗಿಂದ, ಇಂದೈ?" ನಮ್ಮೂರಲ್ಲಿ ಹುಡುಗಿಯನ್ನು ಅಕ್ಕರೆಯಿಂದ ಕರೆಯುವುದು ಹೀಗೆ.

"ಎರಡಂಕ ಹೋದಾಗಿಂದ."

"ಕೊನೇಲಿ 'ಇನ್ನೇನಾದ್ರೂ ಬೇಕಾ' ಅಂತ ನೀನು ಕೇಳ್ಲೇ ಇಲ್ಲ."

"ಆ ಅಜ್ಜನ ಹೆಂಡತಿ ಹೋಗಿ ಹತ್ತು ದಿನ ಆಗಿದೆ. ಮೊದಲನೇ ಸಲ ತಾವೇ ಬಟ್ಟೆ ಒಗೀತಿದ್ರು. ಇನ್ನೇನು ಬೇಕು ಅಂತ ಕೇಳಿದ್ರೆ ಏನು ಹೇಳ್ಬೇಕಿತ್ತು ಅವರು?"

ರೊಡೆಲ್ ಅವಳ ಕಣ್ಣು ನೋಡಲಿಲ್ಲ. ಹೆಡ್‌ಸೆಟ್ ಒತ್ತಿ ಕೂದಲಲ್ಲಿ ಮೂಡಿದ್ದ ಗೆರೆಯನ್ನು ನೋಡಿದ. ಇದು ಮೊದಲ ಸಲವಲ್ಲವೆಂದು ಮಿಂಡಾಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಕೂದಲು ನೇವರಿಸಿಕೊಂಡಳು. ಗೆರೆ ಹೋಗಲಿಲ್ಲ, ಅವನ ನೋಟವೂ.

ಅವಳು ಮೇಲ್ಮನವಿ ಹಾಕಿದಳು. ಹಾಗೆ ಮಾಡಿದರೆ ಅಂಕ ಹಾಕುವವರೆಲ್ಲ ಒಂದೇ ಕೋಣೆಯಲ್ಲಿ ಕೂತು, ದೂರಿದವರ ಎದುರೇ ಕರೆಯನ್ನು ಮತ್ತೆ ಕೇಳಬೇಕು.

ಗುರುವಾರ ಕೇಳಿದರು. ಮೆಷಿನ್ ತಿರುಗುವ ಸದ್ದು, ಅಜ್ಜನ ಮೌನ, ಜೊತೆಗೆ ಮಿಂಡಾಳದೂ. ಆಮೇಲೆ ಅವಳ ದನಿ: "ಈಗ ನಿಂತಿತು ನೋಡಿ. ನಿಮ್ಮ ಹೆಂಡತಿಯ ಸ್ವೆಟರನ್ನು ನೆರಳಲ್ಲಿ ಒಣಗಿಸಿ, ಅದರ ಬಣ್ಣ ಹೋಗಬಾರದು."

ರೊಡೆಲ್ ಬಿಟ್ಟು ಉಳಿದ ಮೂವರೂ ನೂರು ಹಾಕಿದರು.

"ನೀನ್ಯಾಕಪ್ಪಾ ಕಡಿದೆ?" ಎಂದರು ಮ್ಯಾನೇಜರ್ ಗ್ಲೆಂಡಾ.

"ನಾನೂ ನೂರೇ ಹಾಕಿದ್ದೆ ಮ್ಯಾಮ್. ಆಮೇಲೆ ಹೆದರಿಕೆ ಆಯ್ತು. ನಿಯಮದ ಪ್ರಕಾರ ಕರೆ ಒಂದ್ಸಲ ಕೇಳ್ಬೇಕು. ನಾನು ಏಳು ಸಲ ಕೇಳ್ದೆ. ಈ ದನಿಗೆ ನಾನು ಎಷ್ಟು ಹಾಕಿದ್ರೂ ಅದು ನ್ಯಾಯದ ಅಂಕ ಅಲ್ಲ."

ಕೇಳುವುದೇ ಕಸುಬಾದ ಆ ಮೂವರೂ ಏನೂ ಕೇಳಿಸದವರಂತೆ ಕೂತರು.

"ಮನಸ್ಸಿಟ್ಟವಳ ಕರೆಗೆ ಅಂಕ ಹಾಕೋ ಹಾಗಿಲ್ಲ," ಎಂದರು ಗ್ಲೆಂಡಾ. "ಇದು ನಿಜ ಆದ್ರೆ ಸಂಬಂಧ ತಿಳಿಸೋ ಫಾರಂ ತುಂಬ್ಬೇಕು, ಆಮೇಲೆ ನಿನಗೆ ಅಮೆರಿಕದ ವಿಭಾಗ, ರಾತ್ರಿ ಪಾಳಿ. ಇಲ್ಲಾಂದ್ರೆ ನನಗೇನೂ ಕೇಳಿಸ್ಲಿಲ್ಲ."

"ಕೇಳಿಸ್ಕೊಳ್ಳಿ ಮ್ಯಾಮ್," ಎಂದಳು ಮಿಂಡಾ, ರೊಡೆಲ್ ಬಾಯಿ ತೆರೆಯುವ ಮೊದಲೇ. "ಫಾರಂ ಕೊಡಿ. ನನ್ನ ಸಹೀನೂ ಬೇಕಲ್ಲ?"

"ಇಂದೈ, ನಾನು ಮನೆಗೆ ಹೋಗೋ ಹೊತ್ತಿಗೆ ನೀನು ಕೆಲಸಕ್ಕೆ ಬರ್ತೀಯ," ಎಂದ ರೊಡೆಲ್.

"ಬಾಗಿಲಲ್ಲಿ ಸಿಗ್ತೀರಲ್ಲ. ಒಂದು ಬಟ್ಟಲು ಬಿಸಿ ಬ್ಯಾಚೊಯ್ ನೂಡಲ್ಸ್ ಸೂಪಿಗೆ ಹದಿನೈದು ನಿಮಿಷ ಸಾಕು." ಅವಳು ತಲೆಯೆತ್ತಿ ಮೂವರನ್ನೂ ನೋಡಿದಳು. "ಈ ಕಟ್ಟಡದಲ್ಲೇ ಅತಿ ಕಟ್ಟುನಿಟ್ಟಿನ ಕಿವಿ ನಮ್ಮವರದು. ಹೊಸಬರಿಗೂ ಹಾಗೇ ಹೇಳ್ತೀನಿ."

ಸೋಮವಾರದಿಂದ ಮಿಂಡಾ ತರಬೇತುದಾರಳಾದಳು. ರೊಡೆಲ್ ರಾತ್ರಿ ಪಾಳಿಗೆ ಹೋದ.