ಮಖಮಲ್ಲಿನ ಮೇಲೆ ಉಳಿದ ಗುರುತು

ಬೆಳಗ್ಗೆ ಏಳೂವರೆಗೆ ಇನ್‌ಸ್ಪೆಕ್ಟರ್ ತಮ್ಮ ಮಗಳಿಗೆ ಜಡೆ ಹೆಣೆಯುತ್ತಿದ್ದಾಗ ಠಾಣೆಯಿಂದ ಕರೆ ಬಂತು. ಒಂದು ಜಡೆ ಮುಗಿದಿತ್ತು. ಇನ್ನೊಂದನ್ನು ಗಂಡನ ಕೈಗೆ ಕೊಟ್ಟು ಹೊರಟರು.

ದೂರುದಾರರು ನಿವೃತ್ತ ವೈದ್ಯರು. ಅವರ ಗಾಜಿನ ಕಪಾಟಿನಲ್ಲಿ ಹಳೆಯ ಪಿಂಗಾಣಿ ಗೊಂಬೆಗಳು ಸಾಲಾಗಿ ನಿಂತಿದ್ದವು. ನಡುವೆ, ಬಾತುಗಳನ್ನು ಕಾಯುವ ಹುಡುಗಿ.

"ಇದು ನಮ್ಮದಲ್ಲ ಮೇಡಂ. ಶುಚಿ ಮಾಡೋಕೆ ಕೊಟ್ಟಿದ್ವಿ, ಬೇರೇದು ಬಂದಿದೆ."

"ಹೇಗೆ ಗೊತ್ತಾಯ್ತು?"

"ನನಗೆಲ್ಲಿ ಗೊತ್ತಾಗತ್ತೆ? ನಾನು ಗೊಂಬೆ ಮುಖ ನೋಡ್ತೀನಿ, ಇವಳು ಧೂಳು ನೋಡ್ತಾಳೆ."

ಹೆಂಡತಿ ಗೊಂಬೆಯನ್ನು ಎತ್ತಿದರು. ಅಡಿಯ ಮಖಮಲ್ಲು ಬಿಸಿಲಿಗೆ ಮಾಸಿತ್ತು; ಗೊಂಬೆ ನಿಂತಿದ್ದ ಕಡೆ ಮಾತ್ರ ದುಂಡಗೆ ಕಡುಗೆಂಪು ಉಳಿದಿತ್ತು. ಈ ಗೊಂಬೆಯ ಬುಡ ಆ ಗುರುತನ್ನು ತುಂಬುತ್ತಿರಲಿಲ್ಲ.

ಎಫ್‌ಐಆರ್ ದಾಖಲಾಯಿತು. ಹಳೆಯ ವಸ್ತುಗಳಿಗೆ ಬೆಲೆ ಕಟ್ಟುವವರು ಬಂದು ಗೊಂಬೆಯನ್ನು ತಲೆಕೆಳಗು ಮಾಡಿ ನೋಡಿದರು.

"ಅಸಲಿನ ಮೇಲೇ ಅಚ್ಚು ತೆಗೆದಿದ್ದಾರೆ. ಮಣ್ಣು ಬೆಂದಾಗ ಕುಗ್ಗತ್ತೆ, ಅದಕ್ಕೇ ನಕಲು ಒಂದು ಸುತ್ತು ಚಿಕ್ಕದು. ಬುಡ ಸವೆದ ಹಾಗೆ ಕಾಣ್ಲಿ ಅಂತ ಉಪ್ಪುಕಾಗದದಲ್ಲಿ ಉಜ್ಜಿದ್ದಾರೆ, ಗೀರೆಲ್ಲ ಒಂದೇ ಕಡೆಗಿದೆ. ಈ ಬಾತಿನ ತಲೆ ಮಾತ್ರ ಅಚ್ಚಿನದಲ್ಲ, ಕೈಯಲ್ಲಿ ಮಾಡಿದ್ದು."

"ಅಸಲು ಒಡೆದಿದ್ರೆ ಅಂಟಿಸಬಹುದಿತ್ತಲ್ಲ?"

"ನೀಲಿ (ಯುವಿ) ದೀಪ ಹಿಡಿದ್ರೆ ಅಂಟು ಹೊಳೆದು ಸಿಕ್ಕಿಬೀಳತ್ತೆ. ಬೆಲೆ ನೆಲ ಕಚ್ಚತ್ತೆ."

ವೈದ್ಯರು ಗೊಂಬೆಯನ್ನು ಶುಚಿಗೆ ಕೊಟ್ಟಿದ್ದ, ದುರಸ್ತಿ ಮಾಡುವ ಹೆಂಗಸು ತನ್ನ ಮನೆಯ ಮುಂದಿನ ಕೋಣೆಯಲ್ಲೇ ಕೆಲಸ ಮಾಡುತ್ತಿದ್ದಳು. ಕುಂಚಗಳು, ಬಣ್ಣದ ಬಟ್ಟಲುಗಳು, ಮಣ್ಣು ಸುಡುವ ಪುಟ್ಟ ಗೂಡು. ಮೂಲೆಯಲ್ಲಿ ಅವಳ ಮಗಳು ಕೂದಲು ಬಿಚ್ಚಿಕೊಂಡು ಕೂತಿದ್ದಳು. ಬೆರಳಿಗೆ ಪಟ್ಟಿ ಸುತ್ತಿತ್ತು, ಮುಷ್ಟಿ ಬಿಗಿಯಾಗಿತ್ತು.

"ಅಸಲು ಎಲ್ಲಿ?"

"ಒಡೆದು ಹೋಯ್ತು."

"ಯಾರಿಂದ?"

"ನನ್ನಿಂದಲೇ. ಕೈಜಾರಿತು." ಉತ್ತರ ಮೊದಲೇ ಸಿದ್ಧವಾಗಿತ್ತು.

"ಅವರಿಗೆ ಹೇಳಬಹುದಿತ್ತು."

"ಹೇಳಿದ್ರೆ ಇನ್ಯಾರು ನನ್ನ ಕೈಗೆ ಗೊಂಬೆ ಕೊಡ್ತಾರೆ ಮೇಡಂ? ನಮ್ಮಿಬ್ಬರ ಹೊಟ್ಟೆ ನಡೆಯೋದೇ ಇದರಿಂದ."

ಗೂಡಿನ ಹಿಂದಿದ್ದ ಡಬ್ಬಿಯಲ್ಲಿ ಅಂಟಿಸಿದ ಅಸಲು ಸಿಕ್ಕಿತು. ಕಾನ್‌ಸ್ಟೇಬಲ್ ಪಂಚನಾಮೆಗೆ ಬರೆದುಕೊಂಡ: ಗೊಂಬೆ ಒಂದು, ಬಿರುಕುಗಳಿವೆ, ಒಂದು ಬಾತಿಗೆ ತಲೆ ಇಲ್ಲ. ತಾಯಿ ಸಹಿ ಹಾಕಿದಳು. ಅಳಲಿಲ್ಲ. ಕುಂಚಗಳನ್ನು ತೊಳೆದಿಟ್ಟು ಬರಲೇ ಎಂದು ಕೇಳಿದಳು. ತೊಳೆದಿಟ್ಟು ಬಂದು ಜೀಪಿನಲ್ಲಿ ಕೂತಳು.

ಹುಡುಗಿಯ ಚಿಕ್ಕಮ್ಮ ಬರುವವರೆಗೆ ಕಾಯಬೇಕಿತ್ತು. ಇನ್‌ಸ್ಪೆಕ್ಟರ್ ಬಾಚಣಿಗೆ ತೆಗೆದುಕೊಂಡು ಹುಡುಗಿಯ ಹಿಂದೆ ಕೂತರು. ಒಂದು ಜಡೆ ಮುಗಿಯಿತು. ಇನ್ನೊಂದಕ್ಕೆ ಕೂದಲು ಬಿಡಿಸುವಾಗ ಹುಡುಗಿ ಮುಷ್ಟಿ ತೆರೆದಳು. ಕಡಲೆಯಷ್ಟೇ ದಪ್ಪದ, ಹಳದಿ ಕೊಕ್ಕಿನ ಬಾತಿನ ತಲೆ.

"ಒಡೆದಿದ್ದು ನಾನು. ಆಂಟೀ, ಅಮ್ಮನ್ನ ಯಾಕೆ ಕರ್ಕೊಂಡು ಹೋಗ್ತಿದ್ದೀರಾ?"