ವಿಮಾನ ನಿಲ್ದಾಣದ ತಿರುವಿನಾಚೆ

ನೀರಿನ ಪೊಟ್ಟಣ ಕೊಂಡವನು ಅದನ್ನು ಕುಡಿಯಲಿಲ್ಲ. ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ.

ಇದಾಲಿಯಾಗೆ ನಗು ಬಂತು. ಲೆಂಪಾ ನದಿಯ ಸೇತುವೆಯ ಹತ್ತಿರ ದಿನವೂ ಬಸ್ಸು ಹತ್ತಿ ಹುರಿದ ಗೇರುಬೀಜ, ತಣ್ಣೀರಿನ ಪೊಟ್ಟಣ ಮಾರುವವಳು ಅವಳು. ಸಾಕಾತೆಕೊಲುಕಾ ಊರಿನ ತಿರುವು ಬಂದರೆ ಇಳಿಯಬೇಕು. ಅಲ್ಲಿಂದ ಮುಂದೆ ಮಾರುವ ಹಕ್ಕು ಬೇರೆ ಹೆಂಗಸರದು. ದಾಟಿದರೆ ಜುಟ್ಟು ಹಿಡಿದು ಎಳೆಯುತ್ತಾರೆ. ಎದುರಿನಿಂದ ಬರುವ ಬಸ್ಸು ಹತ್ತಿ ಮತ್ತೆ ಸೇತುವೆಗೆ. ರಾಜಧಾನಿಯ ಬಸ್ಸನ್ನು ದಿನಕ್ಕೆ ಎಷ್ಟೋ ಸಲ ಹತ್ತುತ್ತಿದ್ದವಳು ಸಾನ್ ಸಾಲ್ವದೋರ್ ನೋಡಿದ್ದು ಒಂದೇ ಸಲ, ಅದೂ ಚಿಕ್ಕವಳಿದ್ದಾಗ.

"ನೀರು ಇರೋದು ಕುಡಿಯೋಕೆ, ಮುದ್ದು ಮಾಡೋಕಲ್ಲ," ಅಂದಳು.

ಅವನು ಒಂದೇ ಕಣ್ಣು ತೆರೆದ. "ಕುಡಿಯೋ ಹಾಗಿಲ್ಲ. ಮುದ್ದಾದ್ರೂ ಮಾಡ್ತೀನಿ, ಬಿಡು."

ಚೇಷ್ಟೆಯ ಹುಡುಗ ಅಂದುಕೊಂಡು ಇನ್ನೊಂದು ಮಾತಿಗೆ ಬಾಯಿ ತೆರೆದವಳ ಕಣ್ಣು ಅವನ ಕಾಲಿನ ಮೇಲೆ ಬಿತ್ತು. ಪಾದ ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು. ನದಿಯ ಈ ಬಯಲಿನಲ್ಲಿ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬು ಕಡಿಯುವ ಗಂಡಸರ ಮೂತ್ರಪಿಂಡ ಮೂವತ್ತು ತುಂಬುವ ಮೊದಲೇ ಕೈಕೊಡುತ್ತದೆ. ಬೇರೆ ಕಡೆ ಜನ ಹಸು ಎಷ್ಟು ಹಾಲು ಕರೆಯಿತು ಎಂದು ಕೇಳುವ ಹಾಗೆ ಇಲ್ಲಿ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಷ್ಟು ಬಂತು ಎಂದು ಕೇಳುತ್ತಾರೆ.

ಅವನ ಹೆಸರು ನೆಫ್ತಾಲಿ. ಪ್ರತಿ ಮಂಗಳವಾರ ರಾಜಧಾನಿಯ ದೊಡ್ಡಾಸ್ಪತ್ರೆಗೆ ಹೋಗುತ್ತೇನೆ, ರಕ್ತ ತೆಗೆಯುತ್ತಾರೆ, ಡಯಾಲಿಸಿಸ್ ಶುರುಮಾಡುವುದೋ ಬೇಡವೋ ಎಂದು ಡಾಕ್ಟರುಗಳು ಚರ್ಚೆ ಮಾಡುತ್ತಿದ್ದಾರೆ ಎಂದು ಹೇಳಿದ. ಇದಾಲಿಯಾ ನಂಬಿದಳು.

ಆಮೇಲೆ ಮಂಗಳವಾರ ಎಂದರೆ ಬೇರೆ ದಿನವಾಯಿತು. ಅವಳು ಉಪ್ಪು ಹಾಕದ ಗೇರುಬೀಜ ಒಂದು ಹಿಡಿ ಬೇರೆ ಕಟ್ಟುತ್ತಿದ್ದಳು. ಅದನ್ನೂ ತಿನ್ನುವ ಹಾಗಿಲ್ಲ ಎಂದು ಅವನು ಹೇಳಲಿಲ್ಲ. ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿ, ಮೇಲಿಂದ ಅಂಗೈ ಇಟ್ಟುಕೊಳ್ಳುತ್ತಿದ್ದ. ಅವಳು ಬಸ್ಸಿನ ಹಿಂಬದಿಗೆ ಕೂಗುತ್ತ ಹೋದರೆ ಕಿಟಕಿಯ ಗಾಜಿನಲ್ಲಿ ಅವಳ ನೆರಳನ್ನು ನೋಡುತ್ತಿದ್ದ. ಅವನು ನೋಡುತ್ತಿರುವುದನ್ನು ಅವಳೂ ಅದೇ ಗಾಜಿನಲ್ಲಿ ನೋಡುತ್ತಿದ್ದಳು. ಸಂಜೆ ಅವನು ವಾಪಸು ಬರುವ ಬಸ್ಸಿಗೆ ಹತ್ತಿ, ಡಾಕ್ಟರು ಏನಂದರು ಎಂದು ಕೇಳುತ್ತಿದ್ದಳು. ಮುಂದಿನ ವಾರ ಹೇಳ್ತಾರಂತೆ ಎನ್ನುತ್ತಿದ್ದ.

ಅವಳು ಕೂದಲಿಗೆ ಹಳದಿ ರಿಬ್ಬನ್ ಕಟ್ಟಿಕೊಂಡು ಬಂದರೆ, ಇವತ್ತು ಮಂಗಳವಾರ ಅಂತ ಇಂಜಿನ್‌ಗೂ ಗೊತ್ತಾಯಿತು ಎಂದು ಕಂಡಕ್ಟರ್ ಮೊಯಿಸೆಸ್ ಗೊಣಗುತ್ತಿದ್ದ.

ಗುಟ್ಟು ಬಿಟ್ಟುಕೊಟ್ಟವನೂ ಈ ಮೊಯಿಸೆಸ್ಸೇ. ನೆಫ್ತಾಲಿಯ ಮುಖ ಊದಿ ಕಣ್ಣು ಸಣ್ಣಗಾಗುತ್ತಿದ್ದ ವಾರಗಳಲ್ಲಿ, ಆ ಹಾಳು ಆಸ್ಪತ್ರೆಯವರಿಗೆ ಕಣ್ಣಿಲ್ಲವೇ ಎಂದು ಇದಾಲಿಯಾ ಕಂಡಕ್ಟರನ ಮುಂದೆ ಬೈದಳು. ಮೊಯಿಸೆಸ್ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ.

"ಯಾವ ಆಸ್ಪತ್ರೆ? ಅವನು ವಿಮಾನ ನಿಲ್ದಾಣದ ತಿರುವಿನಲ್ಲಿ ಇಳೀತಾನಮ್ಮ. ಯಾವತ್ತೂ ಅಲ್ಲೇ. ಮರದ ಕೆಳಗೆ ಕೂತು ವಿಮಾನ ನೋಡ್ತಾನೆ. ವಾಪಸ್ ಬರೋವಾಗ ನಾನೇ ಹತ್ತಿಸ್ಕೊಳ್ತೀನಿ."

ಮುಂದಿನ ಮಂಗಳವಾರ ಅವಳು ಬುಟ್ಟಿಯನ್ನು ನೆಲಕ್ಕಿಟ್ಟು ಅವನೆದುರು ನಿಂತಳು. ವಿಮಾನಗಳಲ್ಲಿ ಡಾಕ್ಟರುಗಳು ಬರುತ್ತಾರೋ ಎಂದು ಕೇಳಿದಳು. ಅವನು ಸುಳ್ಳು ಹೇಳಲು ನೋಡಲಿಲ್ಲ. ಅವನ ಬಾಯಿಂದ ಮೂತ್ರದಂಥ ಕೆಟ್ಟ ವಾಸನೆ ಬರುತ್ತಿತ್ತು. ಅದು ಅವಳಿಗೆ ತಾಕದಿರಲಿ ಎಂದು ಮುಖ ಕಿಟಕಿಗೆ ತಿರುಗಿಸಿ ಹೇಳಿದ. ಅಪ್ಪನನ್ನು ಇದೇ ರಸ್ತೆಯಲ್ಲಿ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಆಮೇಲೆ ಅಣ್ಣನನ್ನು. ಇಬ್ಬರೂ ಪಿಕಪ್ ಗಾಡಿಯ ಹಿಂದೆ ಪೆಟ್ಟಿಗೆಯಲ್ಲಿ ಬಂದರು. ಡಯಾಲಿಸಿಸ್‌ಗೆಂದು ಹೊಟ್ಟೆಗೆ ನಳಿಕೆ ಹಾಕಿಸಿಕೊಂಡವರು ಅದರಿಂದಲೇ ಸಾಯುತ್ತಾರೆ ಎಂದು ಅವನ ಊರಿನಲ್ಲಿ ಎಲ್ಲರೂ ನಂಬಿದ್ದರು. ಹಾಗಾಗಿ ಉಸಿರು ನಿಲ್ಲುವ ಹೊತ್ತಿನವರೆಗೆ ಯಾರೂ ಹೋಗುತ್ತಿರಲಿಲ್ಲ. ಆ ಹೊತ್ತಿಗೆ ಹೋದವರು ಸಾಯುತ್ತಲೇ ಇದ್ದರು. ನಂಬಿಕೆ ಗಟ್ಟಿಯಾಗುತ್ತಲೇ ಇತ್ತು.

ಆ ಆಸ್ಪತ್ರೆಗೆ ಅವನು ಹೋದದ್ದು ಒಮ್ಮೆ ಮಾತ್ರ. ತಕ್ಷಣ ನಳಿಕೆ ಹಾಕಬೇಕು ಅಂದಿದ್ದರು, ಎದ್ದು ಬಂದಿದ್ದ.

"ಹಾಗಾದ್ರೆ ವಾರ ವಾರ ಯಾಕೆ ಬಸ್ಸು ಹತ್ತಿದೆ?"

"ಆಸ್ಪತ್ರೆಗೆ ಅನ್ನದಿದ್ರೆ ಅಮ್ಮ ಮನೆಯಿಂದ ಬಿಡಲ್ಲ. ಬಸ್ಸು ಹತ್ತದಿದ್ರೆ ನೀನು ಸಿಗಲ್ಲ."

ಇಂಥ ಮಾತಿಗೆ ಹೆಣ್ಣು ಕರಗಬೇಕಂತೆ. ಇದಾಲಿಯಾಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಇಷ್ಟು ವಾರ ಅವನನ್ನು ಆಸ್ಪತ್ರೆಯಿಂದ ದೂರ ಇಟ್ಟದ್ದು ತನ್ನ ರಿಬ್ಬನ್ನು, ತನ್ನ ನಗು, ತನ್ನ ಉಪ್ಪಿಲ್ಲದ ಪೊಟ್ಟಣ. ಸಾಕಾತೆಕೊಲುಕಾ ತಿರುವು ಹತ್ತಿರವಾಗುತ್ತಿತ್ತು.

ಕೈ ಹಿಡಿದು ಎಳೆದುಕೊಂಡು ಹೋಗಬಹುದಿತ್ತು. ಆದರೆ ಅವಳ ತಾಯಿ ಅಪ್ಪನನ್ನು ಹೆಂಡದಂಗಡಿಯಿಂದ ಹಾಗೆ ಎಳೆದು ತರುತ್ತಿದ್ದುದನ್ನು ಅವಳು ಕಂಡಿದ್ದಳು. ಅಪ್ಪ ಕಲಿತದ್ದು ಇನ್ನಷ್ಟು ದೂರದ ಅಂಗಡಿಗೆ ಹೋಗುವುದನ್ನು ಮಾತ್ರ. ಇವನನ್ನು ಆಸ್ಪತ್ರೆಯ ಮೆಟ್ಟಿಲವರೆಗೆ ಎಳೆದರೆ ಮೆಟ್ಟಿಲಿನಿಂದ ಓಡುತ್ತಾನೆ.

"ಇನ್ಮೇಲೆ ಮಂಗಳವಾರ ನಾನು ಈ ಬಸ್ಸು ಹತ್ತಲ್ಲ," ಅಂದಳು. "ಬೆಳಗಿನ ಮೊದಲ ಗಾಡಿಗೆ ಹೋಗಿ ರಾಜಧಾನಿಯ ಬಸ್ ನಿಲ್ದಾಣದಲ್ಲಿ ಕೂತಿರ್ತೀನಿ. ನೋಡಬೇಕಂದ್ರೆ ಅಲ್ಲಿಗೆ ಬಾ."

"ಬರದಿದ್ರೆ?"

"ಬರದಿದ್ರೆ ನಾನು ಸತ್ತೆ ಅಂದ್ಕೋ. ನಿನಗಿಂತ ಮುಂಚೆ."

ತಿರುವು ಬಂತು, ಇಳಿದಳು. ತಪ್ಪು ಮಾಡಿದೆನೇನೋ ಎಂದು ವಾರವಿಡೀ ನಿದ್ದೆ ಬರಲಿಲ್ಲ. ಅವನು ಬಸ್ಸನ್ನೇ ಹತ್ತದೆ ಮನೆಯಲ್ಲಿ ಹಗ್ಗದ ಮಂಚದ ಮೇಲೆ ಮಲಗಿ ಸತ್ತುಹೋದರೆ, ಅವನು ವಾರಕ್ಕೊಮ್ಮೆಯಾದರೂ ನೋಡಬಹುದಾಗಿದ್ದ ಮುಖವನ್ನೂ ಕಿತ್ತುಕೊಂಡ ಪಾಪ ಅವಳದು.

ಆದರೂ ಹೋದಳು. ನಿಲ್ದಾಣದಲ್ಲಿ ಡೀಸೆಲ್ ಹೊಗೆ, ಕೂಗಾಟ, ಹೆಂಚಿನ ಮೇಲೆ ಪುಪುಸಾ ರೊಟ್ಟಿ ತಟ್ಟುವ ಸದ್ದು. ಬುಟ್ಟಿಯನ್ನು ಮನೆಯಲ್ಲಿ ಬಿಟ್ಟು ಬರುವುದು ಅಭ್ಯಾಸವಿಲ್ಲದೆ ತಂದಿದ್ದಳು. ಅದನ್ನು ಕಂಡ ಪುಪುಸಾ ಮಾರುವ ಮುದುಕಿ ಸೌಟು ಹಿಡಿದು ಬಂದಳು. ಇಲ್ಲಿ ಮಾರುವವಳಲ್ಲ, ಒಬ್ಬನಿಗಾಗಿ ಕಾಯುತ್ತಿದ್ದೇನೆ ಎಂದು ಇದಾಲಿಯಾ ಬಟ್ಟೆಯನ್ನು ಬುಟ್ಟಿಗೆ ಬಿಗಿಯಾಗಿ ಹೊದಿಸಿದಳು.

"ಗಂಡನಾ?"

"ಇನ್ನೂ ಏನೂ ಅಲ್ಲ."

"ಏನೂ ಅಲ್ಲದೋನಿಗೆ ಇಷ್ಟು ಹೊತ್ತು ಕಾಯ್ತಿದ್ದೀಯಾ? ಗಂಡನಾದ ಮೇಲೆ ಕೊಡೋಕೆ ಏನು ಉಳಿಸ್ಕೊಳ್ತೀಯ?" ಎಂದು ಮುದುಕಿ ಹೆಂಚಿನ ಕಡೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ, ಅಂಚು ಸೀದ ಒಂದು ಪುಪುಸಾ ತಂದು ಅವಳ ಪಕ್ಕದಲ್ಲಿಟ್ಟಳು.

ಮೊಯಿಸೆಸ್‌ನ ಬಸ್ಸು ಬಂತು. ಜನ ಇಳಿದರು, ಕೋಳಿಗಳು ಇಳಿದವು. ಮೊಯಿಸೆಸ್ ಅವಳನ್ನು ನೋಡಿಯೂ ನೋಡದವನಂತೆ ಬಸ್ಸಿನ ಆ ಬದಿಗೆ ಹೋದ. ಅವಳು ಹಿಂದೆಯೇ ಹೋಗಿ ಅವನ ಅಂಗಿ ಹಿಡಿದಳು. ಹತ್ತಿದ್ದ, ಅಂದ. ವಿಮಾನ ನಿಲ್ದಾಣದ ತಿರುವಿನಲ್ಲಿ ಇಳಿದ. ಹುಡುಗಿ ಕಾಯ್ತಿದ್ದಾಳೆ ಕಣೋ ಎಂದು ತಾನು ಹೇಳಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದ.

ಇದಾಲಿಯಾ ಮತ್ತೆ ಕಟ್ಟೆಯ ಮೇಲೆ ಕೂತಳು. ಅಳು ಬರಲಿಲ್ಲ. ಊರಿಗೆ ಹೋಗುವ ಬಸ್ಸು ಎದುರಿಗೇ ನಿಂತು ಹಾರ್ನ್ ಹಾಕುತ್ತಿತ್ತು. ಹತ್ತಿದರೆ ಆ ತಿರುವು ಸಿಗುತ್ತದೆ. ಆ ಮರ, ಅದರ ಕೆಳಗೆ ಅವನು. ಇಳಿದು ಪಕ್ಕದಲ್ಲಿ ಕೂತು ತಾನೂ ವಿಮಾನ ನೋಡಬಹುದು. ಎಷ್ಟು ವಾರ ಉಳಿದಿವೆಯೋ ಅಷ್ಟು ವಾರ. ಅದೂ ಒಂದು ಸಂಸಾರವೇ. ಎದ್ದು ಬಾಗಿಲ ಕಂಬಿ ಹಿಡಿದಳು. ಹಿಡಿದವಳು ಬಿಟ್ಟಳು. ಬಸ್ಸು ಅವಳಿಲ್ಲದೆ ಹೊರಟಿತು.

ಆಮೇಲೆ ಬಂದ ಗಾಡಿಯಿಂದ ಜನರೆಲ್ಲ ಇಳಿದರು. ಡ್ರೈವರ್ ಕೂಡ ಇಳಿದು ಬೀಗದಕೈ ಗೊಂಚಲು ತಿರುಗಿಸುತ್ತ ಹೋದ. ಆಗ ಮೆಟ್ಟಿಲ ಮೇಲೆ ನೆಫ್ತಾಲಿ ಕಾಣಿಸಿಕೊಂಡ. ಎರಡೂ ಕಂಬಿಗಳನ್ನು ಹಿಡಿದಿದ್ದ. ಅಂಗಿಯ ಮೇಲೆ ವಾಂತಿಯ ಕಲೆ. ಕಣ್ಣು ಬರೀ ಎರಡು ಗೀರು.

ತಿರುವಿನಲ್ಲಿ ಇಳಿದದ್ದು ನಿಜ ಅಂದ. ಕಾಲು ತಾನಾಗಿ ಇಳಿಯಿತು. ಮರದ ಕೆಳಗೆ ಕೂತ. ಇವತ್ತು ಒಂದು ವಿಮಾನವನ್ನೂ ಸರಿಯಾಗಿ ನೋಡಲಾಗಲಿಲ್ಲ.

"ನಳಿಕೆಗೋಸ್ಕರ ಬಂದೆ ಅಂದ್ಕೋಬೇಡ. ನಿನ್ನ ನೋಡೋಕೆ ಬಂದೆ."

"ನೋಡಿದ್ದಾಯ್ತಲ್ಲ. ನಡಿ."

ಅವನು ನಡೆಯಲಿಲ್ಲ. ಅವಳ ಭುಜದ ಮೇಲೆ ಕೈಯಿಟ್ಟ. ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು. ಅದರಲ್ಲಿ ಪ್ರೀತಿಗಿಂತ ಭಾರ ಹೆಚ್ಚಿತ್ತು.

"ಹೆದರಿಕೆ ಆಗ್ತಿದೆ ಕಣೆ."

"ನನಗೂ," ಅಂದಳು ಇದಾಲಿಯಾ. ಸಿಟಿ ಬಸ್ಸಿನ ಕಡೆಗೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಡೆದರು. ನೋಡಿದವರಿಗೆ ಯಾರು ಯಾರನ್ನು ಹಿಡಿದಿದ್ದಾರೆ ಎಂದು ಗೊತ್ತಾಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಅವನನ್ನು ತಳ್ಳುಗಾಡಿಯ ಮೇಲೆ ಮಲಗಿಸಿ ಒಳಗೆ ಕರೆದೊಯ್ದರು. ಹೊರಗಿನ ಫುಟ್‌ಪಾತ್ ತುಂಬ ಹೆಂಗಸರು ರಟ್ಟು ಹಾಸಿಕೊಂಡು ಕೂತಿದ್ದರು. ಹೆಚ್ಚಿನವರು ಅದೇ ನದಿಬಯಲಿನವರು. ಒಬ್ಬಳು ಸರಿದು ಜಾಗ ಕೊಟ್ಟಳು. ತನ್ನ ಗಂಡ ಒಳಗೆ ಹೋಗಿ ಎಷ್ಟು ದಿನವಾಯಿತು ಎಂದು ತಾನಾಗಿ ಹೇಳಿದಳು. ಇದಾಲಿಯಾ ಕೇಳಿಸಿಕೊಂಡಳು.

ಮಧ್ಯಾಹ್ನ ಇಳಿದ ಮೇಲೆ ನರ್ಸ್ ಒಬ್ಬಳು ಗೇಟಿಗೆ ಬಂದು, ನೆಫ್ತಾಲಿ ಕಡೆಯವರು ಯಾರು ಎಂದು ಕೂಗಿದಳು. ಇದಾಲಿಯಾ ಎದ್ದು ನಿಂತಳು.

ನಳಿಕೆ ಹಾಕಿದ್ದಾಯಿತು, ಮೈಯ ನೀರು ಇಳಿಯುತ್ತಿದೆ, ಎಂದಳು ನರ್ಸ್. ಬಹಳ ತಡ ಮಾಡಿದ್ದೀರಿ. ಈ ರಾತ್ರಿ ಕಳೆಯಬೇಕು. ಕಳೆದರೆ ಇನ್ನು ಮುಂದೆ ವಾರಕ್ಕೆ ಎರಡು ಸಲ ಬರಬೇಕು, ಒಂದೂ ತಪ್ಪಬಾರದು.

"ಎಷ್ಟು ದಿನ?"

"ಬದುಕಿರೋವರೆಗೂ."

ಇದಾಲಿಯಾ ತಲೆಯಾಡಿಸಿದಳು. ನರ್ಸ್ ಹೊರಟವಳು ತಿರುಗಿದಳು.

"ಎಚ್ಚರ ಆದಾಗೆಲ್ಲ ಒಂದೇ ಪ್ರಶ್ನೆ. ಅವಳು ಊರಿಗೆ ಹೋದ್ಲಾ ಅಂತ. ಏನು ಹೇಳ್ಲಿ?"

ಸೇತುವೆಯ ಕಡೆಯ ಕೊನೆಯ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

"ಬಸ್ಸು ತಪ್ಪಿತು ಅಂತ ಹೇಳಿ," ಅಂದಳು ಇದಾಲಿಯಾ.