ಚಿಕ್ಕಬಳ್ಳಾಪುರದ ಸಮುದ್ರ

"ನನ್ನ ಸೊಸೆ ಬ್ಯಾಗು ಕಟ್ಕೊಂಡು ಕೂತಿದ್ದಾಳೆ, ಆವಲಪ್ಪನೋರೇ. ಮಧ್ಯಾಹ್ನದ ಬಸ್ಸಿಗೆ ಚಿಂತಾಮಣಿಗೆ, ತವರಿಗೆ ಹೋಗ್ತಾಳಂತೆ. ನೀವೇ ಹೇಗಾದ್ರೂ ತಡೀಬೇಕು."

ಸುಂದರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಪೊಲೀಸ್ ದಫೇದಾರ ಕೆಲಸದಿಂದ ನಿವೃತ್ತನಾದರೂ ಪತ್ತೇದಾರಿಕೆ ಬಿಡದ ಆವಲಪ್ಪ, ಗೆಳೆಯ ಕೊಂಡಪ್ಪನ ಕಡೆ ನೋಡಿದ. ದ್ರಾಕ್ಷಿ ತೋಟಕ್ಕೆ ಹೊರಟಿದ್ದ ಕೊಂಡಪ್ಪ ತೋಟ ಮರೆತು ಹಿಂದೆಯೇ ಹೊರಟ. ಆವಲಪ್ಪ ಕರೆದರೆ ಅವನು ಮದುವೆ ಊಟವನ್ನೂ ಅರ್ಧಕ್ಕೆ ಬಿಟ್ಟು ಏಳುವ ಪೈಕಿ.

ಸುಂದರಮ್ಮನ ಮಗ ಚೆನ್ನಕೇಶವ ಬ್ಯಾಂಕಿನಲ್ಲಿ ಗುಮಾಸ್ತ. ತೊಂಬತ್ಮೂರರ ಆ ದಿನಗಳಲ್ಲಿ ಊರಿನಲ್ಲಿ ಯಾರೂ ಕಾಣದ ಉಪ್ಪುನೀರಿನ ಅಕ್ವೇರಿಯಂ ಅವನ ನಡುಮನೆಯಲ್ಲಿತ್ತು. ಸಮುದ್ರದ ನೀರೇ ಮದ್ರಾಸಿನಿಂದ ಕ್ಯಾನುಗಳಲ್ಲಿ ಬಂದಿತ್ತು. ಗಾಜಿಗೆ ಹತ್ತುವ ಪಾಚಿ ಮೇಯಲು ಬಸವನಹುಳುಗಳೂ ಅಲ್ಲಿಂದಲೇ ಬಂದವು. ಅವನ್ನು ನೋಡುತ್ತ ನಿಂತರೆ ಅವನಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. "ಒಂದಿನ ಅವನ್ನ ಬಚ್ಚಲಿಗೆ ಸುರೀತೀನಿ" ಎಂದು ಹೆಂಡತಿ ರಾಧಮ್ಮ ನೆರೆಯವರ ಮುಂದೆಯೇ ಅಂದಿದ್ದಳು. ಈ ಬೆಳಿಗ್ಗೆ ಹುಳುಗಳೆಲ್ಲ ಸತ್ತು ಬಿದ್ದಿದ್ದವು. ಗಂಡ ಅವಳ ಕಡೆಗೇ ಬೆರಳು ತೋರಿಸಿದ್ದ.

"ಸೋಪಿನ ಪುಡಿ ಹಾಕಿರ್ಬೇಕು," ನಡುಮನೆಯ ತೊಟ್ಟಿಯ ಮುಂದೆ ನಿಂತು ಕೊಂಡಪ್ಪ ಪಿಸುಗುಟ್ಟಿದ.

"ಹಾಕಿದ್ರೆ ಮೀನುಗಳೂ ಸಾಯ್ತಿದ್ವು ಕಣಯ್ಯ. ನೋಡು, ಆರಾಮಾಗಿ ಓಡಾಡ್ತಿವೆ."

ಆವಲಪ್ಪ ತೊಟ್ಟಿಯ ಸುತ್ತ ಬಗ್ಗಿ ನೋಡಿದ. ಮುಚ್ಚಳದ ಅಂಚಿನಲ್ಲಿ ಅರಿಶಿನದ ಗುರುತಿತ್ತು, ಹಿಂದೆ ಒಣಗಿದ ಸೇವಂತಿಗೆ ಬಿದ್ದಿತ್ತು. ಅವನು ಕೊಂಡಪ್ಪನನ್ನು ಕೇಳಿದ, "ನಿನ್ನ ತೋಟಕ್ಕೆ ಮೈಲುತುತ್ತ ಹೊಡೆದ ಮೇಲೆ ಬಸವನಹುಳು ಕಂಡಿದ್ದೀಯಾ?"

"ಒಂದೂ ಉಳಿಯಲ್ಲ."

"ಅಮ್ಮಾ, ನೀವು ರಾಮೇಶ್ವರಕ್ಕೆ ಹೋಗಿದ್ದೀರಾ?"

"ಎಲ್ಲಿಯ ರಾಮೇಶ್ವರ," ಎಂದರು ಸುಂದರಮ್ಮ. "ನಾನು ಸಮುದ್ರ ಕಂಡಿದ್ದೇ ಈ ಗಾಜಿನೊಳಗೆ."

"ಸರಿ. ಎಲ್ಲರನ್ನೂ ಕರೀರಿ."

ಚೆನ್ನಕೇಶವ ಮುಖ ಗಂಟಿಕ್ಕಿಕೊಂಡು ಬಂದ. ರಾಧಮ್ಮ ಬ್ಯಾಗು ಹಿಡಿದೇ ಬಾಗಿಲಲ್ಲಿ ನಿಂತಳು. ಆವಲಪ್ಪ ಅಂಗಿಯ ತೋಳು ಮಡಿಸಿ, ತೊಟ್ಟಿಯ ಮರಳಿನಲ್ಲಿ ಕೈಯಾಡಿಸಿ, ಹಸಿರುಗಟ್ಟಿದ ಹಳೆಯ ಕಾಸುಗಳನ್ನು ತೆಗೆದ.

"ತಾಮ್ರದವು. ಮೈಲುತುತ್ತದಲ್ಲಿರೋದೂ ತಾಮ್ರವೇ. ಉಪ್ಪುನೀರಿಗೆ ಬಿದ್ರೆ ತಾಮ್ರ ಬೇಗ ಕರಗುತ್ತೆ. ಇಷ್ಟನ್ನ ಮೀನು ತಡ್ಕೊಳ್ತವೆ, ಹುಳುಗಳ ಕೈಲಾಗಲ್ಲ. ಮೀನು ಉಳಿದಿದ್ದು ಕಂಡಾಗ್ಲೇ ನಂಗೆ ತೋಟ ನೆನಪಾಯ್ತು. ಕೊಲ್ಲೋಕೆ ಬಂದೋರು ಅರಿಶಿನ, ಹೂವು ತರಲ್ಲ. ಸಮುದ್ರಕ್ಕೆ ತಾಮ್ರದ ಕಾಸು ಹಾಕಿ ಹರಕೆ ಹೊರೋದು ಹಿರಿಯರ ಪದ್ಧತಿ. ರಾಮೇಶ್ವರ ಕಾಣದೋರಿಗೆ ಸಮುದ್ರ ಮನೆಗೇ ಬಂದಿತ್ತು. ಅಲ್ವೇನಮ್ಮಾ?"

ಕೊಂಡಪ್ಪನಿಗೆ ಸೋಪಿನ ಪುಡಿ ನೆನಪಾಗಿ ನಾಚಿಕೆಯಾಯಿತು. ಸುಂದರಮ್ಮ ಗೋಡೆ ಹಿಡಿದು ಕೂತುಬಿಟ್ಟರು.

"ಅಮಾವಾಸ್ಯೆ ದಿನ ಹಾಕ್ದೆ. ನಂಗೆ ಗೊತ್ತಿರ್ಲಿಲ್ಲ ಕಣಪ್ಪ."

"ಏನು ಬೇಡ್ಕೊಂಡ್ರಿ ಅತ್ತೆ?" ರಾಧಮ್ಮ ಕೇಳಿದಳು.

"ನೀವಿಬ್ರೂ ಜಗಳ ಆಡದೆ ಇರ್ಲಿ ಅಂತ."

ಚೆನ್ನಕೇಶವ ತಲೆ ತಗ್ಗಿಸಿ, "ರಾಧಾ, ಒಂದು ಮಾತೂ ಕೇಳ್ದೆ ನಿನ್ನ ಮೇಲೆ ಹೊರಿಸ್ದೆ. ತಪ್ಪಾಯ್ತು" ಎಂದ.

ರಾಧಮ್ಮ ಅತ್ತೆಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ, ಬ್ಯಾಗನ್ನು ಗಂಡನ ಕೈಗೆ ಕೊಟ್ಟಳು.

"ಒಳಗಿಟ್ಟು ಬನ್ನಿ. ಮದ್ರಾಸಿಗೆ ಹೋಗ್ಬೇಕಲ್ಲ, ಹೊಸ ನೀರು ತರೋಕೆ. ಈ ಸಲ ಅತ್ತೇನೂ ಕರ್ಕೊಂಡು ಹೋಗಣ. ಕಾಸು ಅಲ್ಲೇ ಹಾಕ್ಲಿ."